ಯಾರೂ ತಡೆಯಕೂಡದು

ಜೂನ್ ೪

ಸೊಸೆಗೆ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಇನ್ನು ನಿಜ ಹೇಳುತ್ತೇನೆ.

ನೀನು ಬಸ್ಸು ಹತ್ತಿದ ಮರುದಿನವೇ ನಿನ್ನ ಮಗಳ ಮುಂದಿನ ಹಲ್ಲು ಬಿತ್ತು. ಪಿಟೀಲು ಅಂತ ಅವಳಿಗೆ ಸುಮ್ಮನೆ ಹೆಸರಿಟ್ಟಿಲ್ಲ, ಬೀದಿಯ ಆ ತುದಿಗೂ ಕೇಳುವ ಹಾಗೆ ರಾಗ ಎಳೆದಳು. ಡಿಪೋಗೆ ಹೊರಡುವ ಮುಂಚೆ ನಿನ್ನ ಗಂಡನೇ ಅವಳಿಗೆ ಜಡೆ ಹಾಕುತ್ತಾನೆ. ಬಸ್ಸಿನ ಎಂಜಿನ್ನಿಗೆ ಬೆಲ್ಟ್ ಬಿಗಿದು ಪಳಗಿದ ಕೈ. ಮಗುವಿನ ಹುಬ್ಬು ಹಣೆಗೇರುತ್ತದೆ. ದಿನಾ ಹಾಲು ಉಕ್ಕಿಸುತ್ತಾನೆ, ಆಮೇಲೆ ಒಲೆ ಒರೆಸಲು ನನ್ನ ಹೊಲಿಗೆ ಅಂಗಡಿಯ ಹೊಸ ಬಟ್ಟೆಯ ತುಂಡು ತೆಗೆದುಕೊಂಡು ಹೋಗುತ್ತಾನೆ. ನಾನು ಅವನಿಗೆ ಏನೂ ಅನ್ನುವುದಿಲ್ಲ. ಅನ್ನಬೇಕಾದದ್ದನ್ನೆಲ್ಲ ನಿನಗೆ ಅನ್ನೋಣ ಅಂತ ಕೂಡಿಸಿಟ್ಟುಕೊಂಡಿದ್ದೇನೆ.

ಭಾನುವಾರ ಆರಾಧನೆ ಮುಗಿದು ಹೊರಗೆ ಬಂದರೆ ಎಲ್ಲರದ್ದೂ ಒಂದೇ ಪ್ರಶ್ನೆ. ‘ಸೊಸೆ ಎಲ್ಲಿ, ಕಾಣ್ತಿಲ್ಲ?’ ಓದಲು ಹೋಗಿದ್ದಾಳೆ ಅಂದೆ. ಏನು ಓದಲು ಅಂತ ಹೇಳುವ ಕೆಲಸವನ್ನು ನನ್ನ ಅಣ್ಣ ವಹಿಸಿಕೊಂಡ. ಸಭೆಗೆ ಹಿರಿಯ, ಮೇಲಾಗಿ ನನಗೂ ಹಿರಿಯ, ಬಾಯಿ ಮುಚ್ಚಿಸುವವರು ಯಾರು? ‘ಇವಳ ಸೊಸೆ ಅಯ್ಯನವರಾಗೋಕೆ ಹೋಗಿದ್ದಾಳೆ! ಅವಳು ಅಯ್ಯನವರಾದ್ರೆ ನನ್ನ ಅಳಿಯ ಏನಾಗ್ತಾನೆ, ಅಮ್ಮನವರಾ?’ ಅಂದ. ಸಭಾಪಾಲಕರ ಹೆಂಡತಿಯನ್ನು ಅಮ್ಮನವರು ಅನ್ನುವುದು ತಾನೇ, ಬಾಗಿಲಲ್ಲಿ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟು ಅಂತ ತಿಳಿಯಲಿಲ್ಲ, ನಿನ್ನ ಮೇಲೆಯೇ ಇರಬೇಕು ಅಂದುಕೊಂಡೆ.

ಸಭೆಗೆ ಸಭಾಪಾಲಕರಿಲ್ಲದೆ ವರ್ಷವಾಗುತ್ತಾ ಬಂತು, ಹಿರಿಯರೇ ಸರದಿಯ ಮೇಲೆ ಪ್ರಸಂಗ ಮಾಡುತ್ತಾರೆ, ನಿದ್ದೆ ಬರುತ್ತದೆ, ಎಲ್ಲ ಸರಿ. ಅದಕ್ಕೆ ನನ್ನ ಮನೆಯವಳೇ ಆಗಬೇಕಿತ್ತೇ? ಗಂಡನನ್ನೂ ಮಗುವನ್ನೂ ಬಿಟ್ಟು ಒಂದು ವರ್ಷ ಹಾಸ್ಟೆಲಿನಲ್ಲಿರುವ ಹೆಂಗಸನ್ನು ನಾನು ನೋಡಿಲ್ಲ.

ಮಗುವಿನ ಹಲ್ಲನ್ನು ಗುಂಡಿಯ ಡಬ್ಬಿಯಲ್ಲಿ ಇಟ್ಟಿದ್ದೇನೆ. ನೀನು ನೋಡಬೇಕಂತೆ.

ನಿನ್ನ ಅತ್ತೆ


ಜೂನ್ ೧೫

ಅತ್ತೆ, ನಿಮಗೆ ವಂದನೆಗಳು.

ನಿಮ್ಮ ಬೈಗುಳ ತಲುಪಿತು. ಹಲ್ಲಿನ ಸುದ್ದಿ ಓದಿ ಅಳು ಬಂತು, ಅಮ್ಮನವರ ಸುದ್ದಿ ಓದಿ ನಗು ಬಂತು. ನಿಮ್ಮ ಮಗನಿಗೆ ಹೇಳಿ, ಜಡೆಗೆ ಮೊದಲು ಕೂದಲನ್ನು ಸ್ವಲ್ಪ ಒದ್ದೆ ಮಾಡಿಕೊಳ್ಳಬೇಕು.

ಇಲ್ಲಿ ನನ್ನ ಕೋಣೆಗೆ ಒಂದು ಮಂಚ, ಒಂದು ಮೇಜು, ಮುಚ್ಚಲಾಗದ ಒಂದು ಕಿಟಕಿ. ತರಗತಿಯಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ‘ನಿಮ್ಮ ಯಜಮಾನರು ಒಪ್ಪಿದ್ರಾ?’ ಎಂದು ನನ್ನನ್ನು ಎಲ್ಲರೂ ಕೇಳುತ್ತಾರೆ. ನನ್ನ ಪಕ್ಕ ಕೂರುವವರು ಮೂರು ಮಕ್ಕಳ ತಂದೆ, ಅವರ ಹೆಂಡತಿ ಒಪ್ಪಿದರೋ ಇಲ್ಲವೋ ಎಂದು ಯಾರೂ ಕೇಳಿದ್ದು ನಾನು ಕೇಳಿಲ್ಲ. ನೀವೂ ಕೇಳುತ್ತಿರಲಿಲ್ಲ, ಅತ್ತೆ.

ನಾನು ಬಿಟ್ಟು ಬಂದಿದ್ದೇನೆ ಎಂದಿರಿ. ದಿನ ಬೆಳಗಾದರೆ ನನಗೆ ಮೊದಲು ನೆನಪಾಗುವುದು ಆ ಮಗುವಿನ ನೆತ್ತಿಯ ವಾಸನೆ. ಆದರೂ ಇಲ್ಲಿದ್ದೇನೆ. ಕರ್ತನು ನನ್ನನ್ನು ಕರೆದಿದ್ದಾನೆ ಎಂದು ನನಗೆ ಗೊತ್ತು, ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಒಂದು ಸಹಾಯ ಬೇಕು. ಸಭಾಪಾಲಕ ದೀಕ್ಷೆ ಸಿಗಬೇಕಾದರೆ ಓದು ಮುಗಿಸಿದರೆ ಸಾಲದು. ನಮ್ಮ ನಮ್ಮ ಸಭೆಯಲ್ಲಿ ಒಂದು ಭಾನುವಾರ ಪ್ರಸಂಗ ಮಾಡಬೇಕು, ‘ಇವರು ನಮ್ಮಲ್ಲಿ ಪ್ರಸಂಗ ಮಾಡಿದರು’ ಎಂದು ಸಭೆಯ ಹಿರಿಯರು ಒಂದು ಸಾಲು ಬರೆದು ಸಹಿ ಹಾಕಬೇಕು. ಆ ಸಾಲು ವರ್ಷದ ಕೊನೆಯೊಳಗೆ ಇಲ್ಲಿಗೆ ಬರದಿದ್ದರೆ ನನಗೆ ದೀಕ್ಷೆಯಿಲ್ಲ, ಓದಿದ್ದೆಲ್ಲ ಹೊಳೆಗೆ ಹಾಕಿದಂತೆ. ಸಹಿ ಹಾಕಬೇಕಾದವರು ದೊಡ್ಡಮಾವ, ನಿಮ್ಮ ಅಣ್ಣ ತಾನೇ, ನೀವು ಕೇಳಿದರೆ ಇಲ್ಲ ಅನ್ನಲಾರರು.

ಇನ್ನೊಂದು. ದೀಕ್ಷೆಯ ದಿನ ನೀವು ಹೊಲಿದ ನಿಲುವಂಗಿಯನ್ನೇ ತೊಟ್ಟು ನಿಲ್ಲಬೇಕೆಂದು ನನಗೆ ಆಸೆ. ಹೋದ ವರ್ಷ ನನ್ನ ಬಟ್ಟೆಗೆ ಜೇಬು ಇಡಿ ಅಂದಾಗ ನೀವು ‘ಹೆಂಗಸರ ಬಟ್ಟೆಗೆ ಜೇಬು ಇಟ್ರೆ ಬಟ್ಟೆ ಬೀಳೋ ಅಂದ ಕೆಡುತ್ತೆ’ ಅಂದಿರಿ. ನಿಲುವಂಗಿಗಾದರೂ ಇಡುವಿರಾ?

ನಿಮ್ಮ ಸೊಸೆ


ಜೂನ್ ೨೮

ಸೊಸೆಗೆ,

ಜಡೆ ಈಗ ಪರವಾಗಿಲ್ಲ.

ಉಳಿದ ಎರಡಕ್ಕೂ ಇಲ್ಲ. ಅಣ್ಣನನ್ನು ಕೇಳುವುದಿಲ್ಲ. ನಿನ್ನ ಮಾವ ತೀರಿಕೊಂಡಾಗ ಈ ಮೆಷಿನ್ನಿಗೂ ಅಂಗಡಿಯ ಬೋರ್ಡಿಗೂ ಓಡಾಡಿದವನು ಅವನು. ಅವನ ಎದುರು ನಿಂತು ಬೇಡ ಅನ್ನಿಸಿಕೊಂಡು ಬರಲು ನನ್ನ ಕೈಲಿ ಆಗದು.

ನಿಲುವಂಗಿಯಂತೂ ಕೇಳಲೇಬೇಡ. ಈ ಸುತ್ತಿನ ಎಷ್ಟೋ ಸಭಾಪಾಲಕರು ನನ್ನ ಹೊಲಿಗೆಯಲ್ಲೇ ನಿಂತಿದ್ದಾರೆ. ಭುಜ ಅಗಲ, ಎದೆಯ ಬಳಿ ಒಳಜೇಬು, ಗುಂಡಿ ಗಂಡಸರ ಬದಿಗೆ. ಬಟ್ಟೆ ತೊಡಿಸಿ ನೋಡಲು ನನ್ನ ಹತ್ತಿರ ಇರುವ ಬೊಂಬೆಯೂ ಗಂಡಸಿನ ಅಳತೆಯದ್ದು. ಹೆಂಗಸಿನ ನಿಲುವಂಗಿಯ ಅಳತೆ ಕಾಗದ ಕತ್ತರಿಸುವುದು ಎಲ್ಲಿಂದ ಅಂತಲೇ ನನಗೆ ಗೊತ್ತಿಲ್ಲ.

ಬೇಜಾರು ಮಾಡಿಕೊಳ್ಳಬೇಡ ಅಂತ ಬರೆಯೋಣ ಅಂದುಕೊಂಡೆ. ಮಾಡಿಕೋ. ನಾನೂ ಮಾಡಿಕೊಂಡಿದ್ದೇನೆ.

ಅತ್ತೆ


ಜುಲೈ ೬

ಅತ್ತೆ,

ಆಗಲಿ. ದೊಡ್ಡಮಾವನಿಗೆ ನಾನೇ ಬರೆಯುತ್ತೇನೆ. ಬೇಡ ಅನ್ನಿಸಿಕೊಳ್ಳುವುದೂ ನನ್ನ ಕೆಲಸವೇ ತಾನೇ, ಅದನ್ನು ನಿಮಗೆ ಹೊರಿಸಿದ್ದು ತಪ್ಪಾಯಿತು.

ಪಿಟೀಲಿಗೆ ಮುತ್ತು ಕೊಡಿ. ನನ್ನದು ಅಂತ ಹೇಳಿ ಕೊಡಿ.

ನಿಮ್ಮ ಸೊಸೆ


ಆಗಸ್ಟ್ ೧೦

ಕರ್ತನಲ್ಲಿ ಪ್ರಿಯಳಾದ ಸಹೋದರಿಗೆ ಸಭೆಯ ಹಿರಿಯನು ಮಾಡುವ ವಂದನೆಗಳು.

ನಿನ್ನ ಪತ್ರವನ್ನು ಹಿರಿಯರ ಕೂಟದ ಮುಂದೆ ಇಡಲಾಯಿತು. ಪ್ರಾರ್ಥನಾಪೂರ್ವಕವಾಗಿ ಚರ್ಚಿಸಲಾಯಿತು. ಸ್ತ್ರೀಯರು ಪ್ರಸಂಗ ಮಾಡುವ ಪದ್ಧತಿ ನಮ್ಮ ಸಭೆಯಲ್ಲಿ ಹಿಂದಿನಿಂದಲೂ ಇರುವುದಿಲ್ಲ. ಸ್ತ್ರೀಯರಿಗೆ ಅವರದೇ ಆದ ಘನವಾದ ಸ್ಥಾನವಿದೆ. ಹೂವಿನ ಅಲಂಕಾರ, ಭಾನುವಾರ ಶಾಲೆ, ರೋಗಿಗಳ ಭೇಟಿ, ಶುಚಿತ್ವ ಮುಂತಾದವು ಅವರಿಂದಲೇ ನಡೆಯುತ್ತಿರುವುದನ್ನು ಕೂಟವು ಮೆಚ್ಚುಗೆಯಿಂದ ಸ್ಮರಿಸಿತು.

ಆದಾಗ್ಯೂ ಕುಟುಂಬದ ಮೇಲಣ ಪ್ರೀತಿಯ ನಿಮಿತ್ತ, ಅಕ್ಟೋಬರ್ ತಿಂಗಳ ಮೊದಲನೆಯ ಭಾನುವಾರ ನೀನು ಸಭೆಯಲ್ಲಿ ಸಾಕ್ಷಿ ಹೇಳಲು ಅನುಮತಿ ನೀಡಲಾಗಿದೆ. ಪ್ರಸಂಗಪೀಠದ ಮೆಟ್ಟಿಲು ಹತ್ತತಕ್ಕದ್ದಲ್ಲ. ಕೆಳಗೆ, ಸ್ತ್ರೀಯರ ಬೆಂಚಿನ ಪಕ್ಕದಲ್ಲಿ ನಿಂತು ಮಾತನಾಡತಕ್ಕದ್ದು. ನಿಲುವಂಗಿ ಧರಿಸತಕ್ಕದ್ದಲ್ಲ. ಸಾಕ್ಷಿಯ ನಂತರ ಎಂದಿನಂತೆ ನನ್ನ ಪ್ರಸಂಗವಿರುತ್ತದೆ.

ಮಗು ಚೆನ್ನಾಗಿದೆ. ಮೊನ್ನೆ ಬಿಸ್ಕತ್ತು ಕೊಡಿಸಿದೆ. ‘ಅಮ್ಮ ಯಾವಾಗ ಬರ್ತಾಳೆ’ ಅಂತ ನನ್ನ ಹತ್ತಿರವೂ ಕೇಳಿತು.

ಕರ್ತನ ಸೇವೆಯಲ್ಲಿ,
ಸಭೆಯ ಹಿರಿಯನು, ನಿನ್ನ ದೊಡ್ಡಮಾವ


ಆಗಸ್ಟ್ ೧೯

ಅತ್ತೆ,

ದೊಡ್ಡಮಾವನ ಉತ್ತರ ಬಂದಿದೆ. ಪ್ರಸಂಗ ಇಲ್ಲವಂತೆ, ಸಾಕ್ಷಿ ಆಗಬಹುದಂತೆ. ಇದರಲ್ಲಿ ಏನು ವ್ಯತ್ಯಾಸ ಎಂದು ನಿಮ್ಮ ಮಗ ಫೋನಿನಲ್ಲಿ ಕೇಳಿದರು. ನನಗೆ ಕಾಯಿಲೆ ಬಂದಿತ್ತು, ದೇವರು ವಾಸಿ ಮಾಡಿದ ಎಂದು ಹೇಳಿದರೆ ಸಾಕ್ಷಿ. ದೇವರು ಹೀಗೆ ಹೇಳುತ್ತಾನೆ, ನೀವು ಕೇಳಿ ಎಂದು ಹೇಳಿದರೆ ಪ್ರಸಂಗ. ಹೆಂಗಸು ತನಗೆ ಆದದ್ದನ್ನು ಹೇಳಿಕೊಳ್ಳಬಹುದು. ಯಾರಿಗೂ ಏನನ್ನೂ ಕಲಿಸಕೂಡದು. ಅಡುಗೆಮನೆಯಲ್ಲಿ ಕೂತು ಮಗನಿಗೆ ಮೊದಲ ಪ್ರಾರ್ಥನೆ ಕಲಿಸುವವಳು ಯಾರೋ ಗೊತ್ತಿಲ್ಲ.

ಸಾಕ್ಷಿ ಹೇಳಿದರೆ ಕಾಲೇಜಿಗೆ ಲೆಕ್ಕಕ್ಕೆ ಬರುವುದಿಲ್ಲ. ಅಂದ ಮೇಲೆ ನಾನು ಯಾಕೆ ಬರಬೇಕು? ಮೆಟ್ಟಿಲ ಕೆಳಗೆ ನಿಂತು, ಇಷ್ಟಾದರೂ ಕೊಟ್ಟಿರಲ್ಲ ಎಂದು ಕೈಮುಗಿದು ಹೋಗಲೇ? ಬರುವುದಿಲ್ಲ ಎಂದು ಅವರಿಗೆ ಬರೆಯಬೇಕೆಂದಿದ್ದೇನೆ.

ನಿಮ್ಮ ಸೊಸೆ


ಸೆಪ್ಟೆಂಬರ್ ೨

ಸೊಸೆಗೆ,

ಆ ಕಾಗದ ಬರೆಯಬೇಡ. ಬರೆದಿದ್ದರೆ ಹರಿದು ಹಾಕು. ಮೊದಲು ಇದನ್ನು ಓದು.

ನಿನ್ನ ಮಗಳು ಈಚೆಗೆ ಅಂಗಡಿಯಲ್ಲಿ ಆರಾಧನೆಯ ಆಟ ಆಡುತ್ತಾಳೆ. ಮೆಷಿನ್ನಿನ ಮರದ ಮುಚ್ಚಳ ಇದೆಯಲ್ಲ, ಅದನ್ನು ನೆಲಕ್ಕಿಟ್ಟು ಮೇಲೆ ಹತ್ತಿ ನಿಲ್ಲುತ್ತಾಳೆ. ಕೇಳುವವರು ಗುಂಡಿಯ ಡಬ್ಬಿ, ಕತ್ತರಿ, ಬೊಂಬೆ, ನಾನು. ‘ಪ್ರಿಯರೇ’ ಅಂತ ಶುರು ಮಾಡಿ ಶಾಲೆಯಲ್ಲಿ ಆದದ್ದನ್ನೆಲ್ಲ ಹೇಳುತ್ತಾಳೆ. ಕೊನೆಗೆ ಕಾಣಿಕೆ ಎತ್ತುತ್ತಾಳೆ, ನಾನು ಒಂದು ಗುಂಡಿ ಹಾಕಬೇಕು.

ಶುಕ್ರವಾರ ಅಣ್ಣ ಪ್ಯಾಂಟು ತೆಗೆದುಕೊಂಡು ಹೋಗಲು ಬಂದ. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ, ‘ಇಳಿ ಕೆಳಗೆ. ಹೆಣ್ಣುಮಕ್ಕಳು ಅಲ್ಲೆಲ್ಲ ನಿಂತ್ಕೋಬಾರ್ದು’ ಅಂದ. ಗದರಲಿಲ್ಲ, ಮೆತ್ತಗೇ ಅಂದ.

ಮಗು, ‘ಯಾಕೆ ತಾತ, ಬೀಳ್ತೀನಾ?’ ಅಂತು.

‘ಬೀಳಲ್ಲ.’

‘ಮತ್ತೆ?’

ಅಣ್ಣ ನನ್ನ ಮುಖ ನೋಡಿದ. ನಾನು ಉತ್ತರ ಕೊಡಲಿ ಅಂತ ಕಾಯುತ್ತಿದ್ದ. ನನ್ನ ಬಾಯಲ್ಲಿ ಗುಂಡುಸೂಜಿ ಇದ್ದವು, ಅವನ್ನು ತೆಗೆಯಲೇ ಇಲ್ಲ. ಅವನು ಪ್ಯಾಂಟು ಸುತ್ತಿಕೊಂಡು ಹೊರಟುಹೋದ.

ಹೋದ ಮೇಲೆ ಮಗು ತಾನಾಗಿಯೇ ಇಳಿಯಿತು. ಬೊಂಬೆಯನ್ನು ದರದರ ಎಳೆದು ತಂದು ಮುಚ್ಚಳದ ಪಕ್ಕ ನಿಲ್ಲಿಸಿತು. ‘ನೀನು ಗಂಡು, ನೀನು ಪ್ರಸಂಗ ಮಾಡು’ ಅಂತ ಅದಕ್ಕೆ ಹೇಳಿ, ತಾನು ಮೂಲೆಯಲ್ಲಿ ಬಟ್ಟೆಯ ಗಂಟಿನ ಮೇಲೆ ಕೈಕಟ್ಟಿಕೊಂಡು ಕೂತಿತು.

ಆ ಬೊಂಬೆಗೆ ತಲೆಯೇ ಇಲ್ಲ ಕಣೇ!

ಅಂದಿನಿಂದ ನನಗೆ ಒಂದೂ ಹೊಲಿಗೆ ನೆಟ್ಟಗೆ ಬೀಳುತ್ತಿಲ್ಲ. ಯಾರ ಮೇಲೆ ಸಿಟ್ಟು ಅಂತ ಈಗ ಸರಿಯಾಗಿ ಗೊತ್ತಾಗಿದೆ. ನಿನ್ನ ಮೇಲೆ ಇಟ್ಟುಕೊಂಡಿದ್ದನ್ನು ವಾಪಸು ತೆಗೆದುಕೊಂಡಿದ್ದೇನೆ.

ಈಗ ಕೇಳು. ಅಣ್ಣ ನಿನಗೆ ಸಾಕ್ಷಿ ಹೇಳುವ ಅಪ್ಪಣೆ ಕೊಟ್ಟಿದ್ದಾನೆ. ಕೊಡುವಾಗ ತಾನು ಏನು ಕೊಡುತ್ತಿದ್ದೇನೆ ಅಂತ ಅವನಿಗೆ ನೆನಪಿಲ್ಲ. ನೀನು ಈ ಮನೆಗೆ ಬರುವ ಮುಂಚಿನ ಮಾತು, ಅವನಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಷನ್ ಆಯಿತು. ವಾಸಿಯಾಗಿ ಬಂದವನು ಸಾಕ್ಷಿ ಹೇಳಲು ನಿಂತ. ಕಲ್ಲುಗಳನ್ನು ಔಷಧದ ಸೀಸೆಯಲ್ಲಿ ಹಾಕಿ ತಂದಿದ್ದ. ಪ್ರತಿ ಬೆಂಚಿಗೂ ಸೀಸೆ ತೋರಿಸುತ್ತಾ, ಅಲ್ಲಾಡಿಸುತ್ತಾ, ಹೇಳಿದ, ಹೇಳಿದ, ಹೇಳುತ್ತಲೇ ಇದ್ದ. ಆಗಿನ ಸಭಾಪಾಲಕರು ತಡೆಯಲಾರದೆ ಗಂಟೆ ಬಾರಿಸಿಬಿಟ್ಟರು. ಅಣ್ಣನಿಗೆ ಎಂಥಾ ಅವಮಾನ! ಆರು ತಿಂಗಳು ಮುಖ ಊದಿಸಿಕೊಂಡಿದ್ದ. ಹಿರಿಯನಾದ ಮೇಲೆ ಅವನು ಮಾಡಿದ ಮೊದಲ ಕೆಲಸ, ಒಂದು ನಿಯಮ ತಂದು, ಹಲಗೆಯ ಮೇಲೆ ತಾನೇ ಬಣ್ಣದಲ್ಲಿ ಬರೆದು ಪ್ರಸಂಗಪೀಠದ ಪಕ್ಕದ ಗೋಡೆಗೆ ಹೊಡೆದದ್ದು. ನೀನು ಎಷ್ಟು ಸಲ ನೋಡಿದ್ದೀಯ, ಯಾವತ್ತಾದರೂ ಓದಿದ್ದೀಯಾ? ‘ಸಾಕ್ಷಿ ಹೇಳುವವರನ್ನು ಯಾರೂ ತಡೆಯಕೂಡದು.’

ಪ್ರಸಂಗಕ್ಕೆ ಅರ್ಧ ಗಂಟೆಯ ಮಿತಿ ಇದೆ. ಸಾಕ್ಷಿಗೆ ಇಲ್ಲ.

ಬಾ. ಕೆಳಗೇ ನಿಂತುಕೋ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತುಕೋ. ಕಾಲೇಜಿನ ಸಾಲಿನ ಯೋಚನೆ ಆಮೇಲೆ ಮಾಡೋಣ.

ನಿನ್ನ ಅತ್ತೆ


ಅಕ್ಟೋಬರ್ ೧೧

ಪ್ರೀತಿಯ ಅತ್ತೆ,

ಬಸ್ಸಿನಲ್ಲಿ ಪೂರ್ತಿ ನಿದ್ದೆ ಹೋದೆ. ಎಷ್ಟೋ ದಿನದ ಮೇಲೆ ಅಂಥ ನಿದ್ದೆ.

ನೀವು ಅಲ್ಲೇ ಇದ್ದಿರಿ, ಆದರೂ ನಾನು ನಿಂತಿದ್ದ ಜಾಗದಿಂದ ಹೇಗಿತ್ತು ಎಂದು ಬರೆಯಬೇಕು. ಎದ್ದು ನಿಂತೆ. ಕೈ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಕರ್ತನ ಸಮಾಧಿಗೆ ಹೊರಟ ಆ ಹೆಂಗಸರ ಮಾತು ಎತ್ತಿದೆ. ಸಮಾಧಿಯ ಬಾಯಿಗೆ ಮುಚ್ಚಿದ ಕಲ್ಲನ್ನು ಯಾರು ಉರುಳಿಸುತ್ತಾರೆ ಎಂದು ಅವರಿಗೆ ಗೊತ್ತಿರಲಿಲ್ಲ, ದಾರಿಯುದ್ದಕ್ಕೂ ಅದನ್ನೇ ಕೇಳಿಕೊಂಡು ನಡೆದರು, ಆದರೂ ನಡೆದರು. ಅವರು ಮನೆ ಬಿಡುವಾಗ ಯಾರೂ ಅವರಿಗೆ ಕಲ್ಲು ತೆಗೆದಿದೆ ಬನ್ನಿ ಅಂದಿರಲಿಲ್ಲ. ಕರ್ತನು ಎದ್ದಿದ್ದಾನೆ ಎಂಬ ಮೊದಲ ಸುದ್ದಿ ಹೊತ್ತು ಓಡಿಬಂದವರ ಮಾತನ್ನು ಬಾಗಿಲು ಹಾಕಿಕೊಂಡು ಕೂತಿದ್ದ ಗಂಡಸರು ಹುಚ್ಚು ಮಾತು ಅಂದರು. ಕರ್ತನು ಆರಿಸಿಕೊಂಡ ಮೊದಲ ಸಾಕ್ಷಿಗಳು ಅವರೇ ಎಂದೆ.

ಆಗಲೇ ಅಲ್ಲವೇ ದೊಡ್ಡಮಾವ ಎದ್ದದ್ದು. ‘ಸಾಕು, ಕೂತ್ಕೋ, ಇದು ಸಾಕ್ಷಿ ಅಲ್ಲ’ ಅಂದರು. ನಿಜ ಹೇಳುತ್ತೇನೆ, ಕೂರುವವಳಿದ್ದೆ. ನೀವು ನಿಮ್ಮ ಬೆಂಚಿನಿಂದ ಎದ್ದು ಗೋಡೆಯ ಕಡೆ ಬೆರಳು ತೋರಿಸಿದಿರಿ. ಇಡೀ ಸಭೆ ಅತ್ತ ತಿರುಗಿತು. ಪಿಟೀಲು ಅವಳಪ್ಪನ ತೊಡೆಯ ಮೇಲಿಂದ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ಯಾ-ರೂ ತ-ಡೆ-ಯ-ಕೂ-ಡ-ದು.’ ಅವಳು ಓದಲು ಕಲಿತದ್ದು ಈ ವರ್ಷವೇ. ಅವಳ ದನಿ ಹೊರಗಿನ ಬೀದಿಗೂ ಕೇಳಿಸಿರಬೇಕು.

ಆಮೇಲೆ ನಾನು ಎಷ್ಟು ಹೊತ್ತು ಮಾತಾಡಿದೆನೋ ತಿಳಿಯದು. ದೊಡ್ಡಮಾವನ ಪ್ರಸಂಗಕ್ಕೆ ಹೊತ್ತು ಉಳಿಯಲಿಲ್ಲ ಎಂಬುದಷ್ಟೇ ಗೊತ್ತು. ನಮ್ಮ ಸಭೆಯ ನರ್ಸಮ್ಮ ನನ್ನ ಕೆನ್ನೆ ಹಿಡಿದು ಅತ್ತರು. ತರಕಾರಿ ಅಂಗಡಿಯ ಅಕ್ಕ, ‘ಮುಂದಿನ ವಾರವೂ ಮಾತಾಡ್ತೀಯಾ?’ ಎಂದು ಕೇಳಿದರು.

ಆದರೆ ಅತ್ತೆ, ಕೆಲಸ ಕೆಟ್ಟಿದೆ. ದೊಡ್ಡಮಾವ ಕಾಲೇಜಿಗೆ ಕಳಿಸಿದ ಸಾಲು ಇಲ್ಲಿಗೆ ಬಂದಿದೆ. ‘ಈಕೆ ನಮ್ಮ ಸಭೆಯಲ್ಲಿ ಸಾಕ್ಷಿ ಹೇಳಿದಳು.’ ಅಷ್ಟೇ. ಪ್ರಾಂಶುಪಾಲರು ಒಳ್ಳೆಯವರು, ಆದರೂ ಪ್ರಸಂಗ ಎಂಬ ಪದ ಇಲ್ಲದೆ ತಮ್ಮಿಂದ ಏನೂ ಆಗದು ಎಂದರು. ಒಂದು ಪದ, ಅತ್ತೆ.

ನಾನು ಅಳುತ್ತಿಲ್ಲ. ಮೊದಲಿಂದ ಓದಬೇಕಾದರೂ ಸರಿ, ಮುಂದಿನ ವರ್ಷ ಮತ್ತೆ ಕೇಳುತ್ತೇನೆ, ಅದರ ಮುಂದಿನ ವರ್ಷವೂ ಕೇಳುತ್ತೇನೆ. ಆ ಹಲಗೆಯ ಕೆಳಗೆ ನಿಂತು ಮುದುಕಿಯಾಗುತ್ತೇನೆ ಬೇಕಾದರೆ.

ನಿಮ್ಮ ಸೊಸೆ


ಅಕ್ಟೋಬರ್ ೨೧

ಅಣ್ಣಾ,

ನಾಲ್ಕು ಮನೆ ಆಚೆ ಇರುವವನಿಗೆ ಕಾಗದ ಬರೆಯುವ ಹಾಗಾಯಿತು. ಎರಡು ವಾರದಿಂದ ನೀನು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತೀಯ, ಇನ್ನೇನು ಮಾಡಲಿ. ಇದನ್ನು ನನ್ನ ಮಗನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಮ್ಮನವರ ಕೈಯಲ್ಲಿ ಅಂತ ಬೇಕಾದರೆ ತಿಳಿದುಕೋ. ಅವನು ಆ ಮಾತಿಗೆ ಬೇಜಾರು ಮಾಡಿಕೊಳ್ಳುವುದನ್ನು ಬಿಟ್ಟಿದ್ದಾನೆ, ಜಡೆಯೂ ಚೆನ್ನಾಗಿ ಹಾಕುತ್ತಾನೆ.

ಕಳೆದೆರಡು ಭಾನುವಾರ ಏನಾಯಿತು ಅಂತ ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಮೊದಲನೆಯದರಲ್ಲಿ ನಾನು ಸಾಕ್ಷಿ ಹೇಳಲು ಎದ್ದೆ. ಗಂಡ ಸತ್ತ ಮೇಲೆ ಈ ಮೆಷಿನ್ ತುಳಿದು ಮಗನನ್ನು ಸಾಕಿದ್ದನ್ನು ಹೇಳಿದೆ. ಪ್ರತಿ ನಿಲುವಂಗಿಗೂ ಕತ್ತರಿ ಹಾಕುವ ಮುಂಚೆ ಬಟ್ಟೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ದನ್ನು ಹೇಳಿದೆ. ಹೇಳುತ್ತಾ ಹೋದರೆ ಎಷ್ಟೊಂದಿತ್ತು! ನೀನು ಪ್ರಸಂಗದ ಚೀಟಿ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ, ಆಮೇಲೆ ಮಡಿಚಿ ಜೇಬಿಗಿಟ್ಟೆ. ಮೊನ್ನೆ ನರ್ಸಮ್ಮ ಎದ್ದಳು. ಮುಂದಿನ ವಾರ ತರಕಾರಿ ಅಂಗಡಿಯವಳ ಸರದಿ, ಅವಳ ಬಾಯಿ ನಿನಗೆ ಗೊತ್ತಲ್ಲ. ಅವಳ ಹಿಂದೆ ನಿಂತಿರುವವರು ಇನ್ನೂ ಇದ್ದಾರೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವರು ಅಣ್ಣಾ, ಬೇಗ ಮುಗಿಯುವುದಿಲ್ಲ.

ಈಗ ನೀನೇ ಹೇಳು. ಸೊಸೆ ಮಾಡಿದ್ದು ಸಾಕ್ಷಿ ಅಂತ ನೀನು ಬರೆದುಕೊಟ್ಟಿದ್ದೀಯ. ಸಾಕ್ಷಿ ಅಂದರೆ ಹಾಗೆ ಇರಬಹುದು, ಅಷ್ಟು ಹೊತ್ತು ಇರಬಹುದು, ವಾಕ್ಯ ತೆಗೆದು ವಿವರಿಸಬಹುದು ಅಂತ ಸಹಿ ಹಾಕಿದ ಹಾಗಾಯಿತು. ನಾವೆಲ್ಲ ನಿನ್ನ ಸಹಿಯನ್ನು ತಲೆಯ ಮೇಲಿಟ್ಟುಕೊಂಡು ಪ್ರತಿ ಭಾನುವಾರ ಹಾಗೆಯೇ ಸಾಕ್ಷಿ ಹೇಳುತ್ತೇವೆ. ಹಲಗೆ ತೆಗೆಸಬೇಕಾದರೆ ತೆಗೆಸು, ಮೊಳೆ ಕೀಳಲು ನನ್ನ ಮಗನ ಹತ್ತಿರ ಇಕ್ಕಳ ಇದೆ. ಸೀಸೆಯ ಕಥೆ ಎಲ್ಲರಿಗೂ ಇನ್ನೊಮ್ಮೆ ನೆನಪಾಗುತ್ತದೆ, ಅಷ್ಟೇ.

ಹಾಗಲ್ಲ, ಅವಳು ಮಾಡಿದ್ದು ಸಾಕ್ಷಿ ಅಲ್ಲ ಅನ್ನುತ್ತೀಯಾ? ಅನ್ನು. ಅಂದಿದ್ದೀಯ ಕೂಡ. ಅವತ್ತು ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಎಲ್ಲರ ಎದುರು, ಮುಖ ಕೆಂಪಗೆ ಮಾಡಿಕೊಂಡು ನೀನು ಕೂಗಿದ್ದು ಏನು? ‘ಸಾಕ್ಷಿ ಹೇಳು ಅಂದ್ರೆ ಪ್ರಸಂಗ ಮಾಡ್ಬಿಟ್ಟಳಲ್ಲ!’ ನಾನು ನಿನ್ನ ಪಕ್ಕದಲ್ಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ನರ್ಸಮ್ಮ ಕೇಳಿದಳು. ಮಗು ಕೂಡ ಕೇಳಿತು. ಇಡೀ ಸಭೆಯಲ್ಲಿ ಅವಳದ್ದು ಪ್ರಸಂಗ ಅಂತ ಮೊದಲು ಸಾಕ್ಷಿ ಹೇಳಿದವನು ನೀನೇ ಅಣ್ಣಾ. ನಿನ್ನನ್ನು ಯಾರೂ ತಡೆಯಲಿಲ್ಲ.

ಬಾಗಿಲಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಬರಿ. ನಾನು ಕೇಳುವುದು ಅಷ್ಟೇ.

ನಿನ್ನ ಉಪಕಾರ ಮರೆತಿಲ್ಲ. ಮೆಷಿನ್ ಕೊಡಿಸಿದವನು ನೀನು. ತುಳಿದವಳು ನಾನು. ನಿನ್ನ ಪ್ಯಾಂಟಿನ ಕಾಲು ಬಿಚ್ಚಿದೆ ಅಂತ ಅತ್ತಿಗೆ ಹೇಳಿದರು, ಕಳಿಸು, ಹೊಲಿದು ಕೊಡುತ್ತೇನೆ. ಸಿಟ್ಟು ಬೇರೆ, ಪ್ಯಾಂಟು ಬೇರೆ.

ನಿನ್ನ ತಂಗಿ


ನವೆಂಬರ್ ೩

ತಂಗಿಗೆ,

ಪ್ಯಾಂಟು ಕಳಿಸಿದೆ. ಜೊತೆಗೆ ಕೇಳಿದ್ದನ್ನೂ ಕಳಿಸಿದೆ.

ನನ್ನ ಮನಸ್ಸು ಬದಲಾಗಿದೆ ಎಂದು ತಿಳಿಯಬೇಡ. ಪದ್ಧತಿ ಪದ್ಧತಿಯೇ. ನಾನು ಬಾಗಿಲಲ್ಲಿ ಆಡಿದ ಮಾತು ನಿಜ, ಆಡಿದ್ದನ್ನು ಆಡಿಲ್ಲ ಎನ್ನುವವನು ನಾನಲ್ಲ, ಅದಕ್ಕೆ ಬರೆದೆ. ಇನ್ನಾದರೂ ಭಾನುವಾರ ನನಗೆ ಪ್ರಸಂಗ ಮಾಡಲು ಬಿಡಿ. ತಯಾರು ಮಾಡಿದ್ದು ಒಂದು ತಿಂಗಳಿಂದ ಹಾಗೇ ಇದೆ.

ನಿನ್ನ ಮೊಮ್ಮಗಳು ಮೊನ್ನೆ ರಸ್ತೆಯಲ್ಲಿ ಸಿಕ್ಕಿ, ‘ತಾತ, ಬೀಳಲ್ಲ ಅಂದ್ರೆ ಮತ್ತೆ ಯಾಕೆ?’ ಅಂತ ಪುನಃ ಕೇಳಿದಳು. ಅವಳಿಗೆ ನೀನೇ ಏನಾದರೂ ಹೇಳು.

ಅಣ್ಣ


ನವೆಂಬರ್ ೯

ಸಭಾಪಾಲಕರಿಗೆ,

ಹೆದರಬೇಡ, ನಿನಗೇ ಬರೆದದ್ದು. ಸಭಾಪಾಲಕಿ ಅಂತ ಬರೆಯೋಣ ಅಂದುಕೊಂಡೆ, ಸಭಾಪಾಲಕರ ಹೆಂಡತಿ ಅಂದುಕೊಂಡಾರು ಅಂತ ಬಿಟ್ಟೆ. ಸಭಾಪಾಲಕರು ಅಂತಲೇ ಇರಲಿ. ಈಗಲೇ ಕರೆದು ನಾಲಿಗೆ ಪಳಗಿಸಿಕೊಳ್ಳುತ್ತಿದ್ದೇನೆ.

ಸಾಲು ಈ ಲಕೋಟೆಯಲ್ಲೇ ಇದೆ. ಮೊದಲು ಕಳಿಸಿದಾಗ ಅಣ್ಣ ‘ಪ್ರಸಂಗ ಮಾಡಿದಳು’ ಅಂತ ಬರೆದಿದ್ದ. ನಾನು ಪ್ಯಾಂಟಿನ ಜೊತೆಗೆ ವಾಪಸು ಕಳಿಸಿದೆ. ಪಕ್ಕದೂರಿನ ಮೀಸೆ ಮೂಡದ ಹುಡುಗ ಬಂದು ಪ್ರಸಂಗ ಮಾಡಿದಾಗ ‘ಮಾಡಿದರು’ ಅಂತ 'ರು' ಹಚ್ಚಿ ಬರೆದವನು, ಇಲ್ಲಿ ಯಾಕೆ ಕೈ ಹಿಡಿತ? ಎರಡು ದಿನ ಕಳೆಯಿತು. ಆಮೇಲೆ ಹೊಸ ಕಾಗದದಲ್ಲಿ ‘ಮಾಡಿದರು’ ಅಂತ ಬರೆದು ಕಳಿಸಿದ. ಅಕ್ಷರ ನೋಡು, ‘ರು’ ಬರೆಯುವಾಗ ಪೆನ್ನು ಎಷ್ಟು ಒತ್ತಿದ್ದಾನೆ ಅಂತ. ಕಾಗದ ತೂತಾಗುವುದೊಂದು ಬಾಕಿ.

ಇನ್ನಾದರೂ ಅವನಿಗೆ ಪ್ರಸಂಗ ಮಾಡಲು ಬಿಡಬೇಕಂತೆ. ಬಿಟ್ಟೆವು. ಮೊನ್ನೆ ಭಾನುವಾರ ತರಕಾರಿ ಅಂಗಡಿಯವಳು ತನ್ನ ಉಳಿದ ಸಾಕ್ಷಿಯನ್ನು ಬೇಗ ಮುಗಿಸಿ ಅವನಿಗೆ ಅರ್ಧ ಗಂಟೆ ಉಳಿಸಿಕೊಟ್ಟಳು. ನಿಲ್ಲಿಸಿದ್ದೇವೆ ಅಂತ ಮಾತ್ರ ಅವನು ತಿಳಿಯಬಾರದು. ಹಲಗೆ ಗೋಡೆಯಲ್ಲೇ ಇದೆ, ನಿನ್ನ ಮಗಳು ಪ್ರತಿ ವಾರ ಅದನ್ನು ಓದುತ್ತಾಳೆ, ಈಗ ಕೂಡಿಸಿ ಓದುವುದಿಲ್ಲ, ಸರಸರನೆ ಓದುತ್ತಾಳೆ. ಮುಚ್ಚಳದ ಮೇಲೂ ಹತ್ತುತ್ತಾಳೆ. ಅಣ್ಣ ಬಂದರೆ ನಾನು ಬಾಯಿಂದ ಗುಂಡುಸೂಜಿ ತೆಗೆದಿಟ್ಟುಕೊಂಡು ಕೂರುತ್ತೇನೆ. ಅವನು ಮೊನ್ನೆ ಕಾಣಿಕೆಗೆ ಒಂದು ಗುಂಡಿ ಹಾಕಿಹೋದ.

ಅವನ ಮನಸ್ಸು ಬದಲಾಗಿಲ್ಲ. ನೀನು ಇಲ್ಲಿಗೆ ಬಂದು ನಿಂತಾಗ ಮತ್ತೆ ಇನ್ನೊಂದು ನಿಯಮ ಹುಡುಕುತ್ತಾನೆ, ನೋಡು ಬೇಕಾದರೆ. ಹುಡುಕಲಿ. ಈ ಸಲ ನಾವು ಎಲ್ಲ ಹಲಗೆಗಳನ್ನೂ ಓದಿಕೊಂಡಿದ್ದೇವೆ.

ಇನ್ನು ನಿಲುವಂಗಿ. ಅಳತೆ ಕಳಿಸಬೇಡ, ನಿನ್ನ ಮದುವೆಯ ಬಟ್ಟೆ ಹೊಲಿದವಳು ನಾನು, ಮಗುವಾದ ಮೇಲೆ ಎಷ್ಟು ಬಿಡಿಸಿದೆ ಅಂತಲೂ ನೆನಪಿದೆ. ಹೆಂಗಸಿನ ನಿಲುವಂಗಿಯ ಕಾಗದ ಎಲ್ಲಿಂದ ಕತ್ತರಿಸುವುದು ಅಂತ ಕೇಳಿದ್ದೆನಲ್ಲ, ಭುಜದಿಂದ ಶುರು ಮಾಡಿದೆ. ಎರಡು ಸಲ ಕೆಟ್ಟಿತು. ಮೂರನೆಯದು ಕೂತಿತು. ಬೊಂಬೆಗೆ ತೊಡಿಸಿದರೆ ಸರಿಹೋಗಲಿಲ್ಲ, ಅದನ್ನು ಎತ್ತಿ ಮೂಲೆಗಿಟ್ಟು ನಾನೇ ತೊಟ್ಟು ಕನ್ನಡಿಯ ಮುಂದೆ ನಿಂತೆ. ಇಷ್ಟು ವರ್ಷ ಎಷ್ಟೊಂದು ಹೊಲಿದಿದ್ದೇನೆ, ಒಂದನ್ನಾದರೂ ನನ್ನ ಮೈಗೆ ಹಿಡಿದು ನೋಡಿದ್ದಿಲ್ಲ. ನಿನ್ನ ಗಂಡ ಬಾಗಿಲಲ್ಲಿ ನಿಂತು ನೋಡಿ, ‘ಅಮ್ಮಾ, ನಿಮಗೂ ಒಂದು ಹೊಲ್ಕೊಳ್ಳಿ’ ಅಂದ. ಹೋಗೋ ಅಂದೆ. ಬಿಚ್ಚಲು ಮಾತ್ರ ಸ್ವಲ್ಪ ಹೊತ್ತು ಮನಸ್ಸಾಗಲಿಲ್ಲ.

ಜೇಬು ಇಟ್ಟಿದ್ದೇನೆ. ಒಂದಲ್ಲ, ಎರಡು. ಬಟ್ಟೆ ಬೀಳುವ ಅಂದ ಕೆಟ್ಟರೆ ಕೆಡಲಿ. ಒಂದರಲ್ಲಿ ನಿನ್ನ ಪ್ರಸಂಗದ ಚೀಟಿ ಇಟ್ಟುಕೋ. ಇನ್ನೊಂದರಲ್ಲಿ ಕೈ ಇಟ್ಟುಕೋ. ಅವತ್ತು ಕೆಳಗೆ ನಿಂತು ಮಾತಾಡುವಾಗ ನಿನ್ನ ಎಡಗೈ ಇಲ್ಲದ ಜೇಬನ್ನು ಹುಡುಕುತ್ತಿತ್ತು, ಬೇರೆ ಯಾರೂ ನೋಡಲಿಲ್ಲ, ನಾನು ನೋಡಿದೆ.

ನಿನ್ನ ಅತ್ತೆ